ಅಕ್ಕಾ, ಖರೆ ಹೇಳ್ರಿ, ಎಷ್ಟಕ್ಕ ತಂದ್ರಿ?

ಬರ್ರಿ, ಜರಾ ಹತ್ರ ಕುಂದರ್ರಿ. ಬಾಗ್ಲಾ ಮುಂದ ಮಾಡಿದ್ರೂ ಚಲೋನೇ, ಯಾಕಂದ್ರ ನಾ ಕೇಳೋದು ನಾಕ ಮಂದ್ಯಾಗ ಕೇಳೋ ಮಾತಲ್ಲ. ಈಗ ಉಟ್ಟೀರಲ್ಲ ಆ ಸೀರಿ (ಇಲ್ಲಾ ತೊಟ್ಟೀರಲ್ಲ ಆ ಅಂಗಿ), ಅದಕ್ಕ ಎಷ್ಟು ಕೊಟ್ರಿ? ತಡೀರಿ, ತಡೀರಿ. ಮನ್ಯಾಗ ಹೇಳಿದ ರೇಟ್ ಬ್ಯಾಡ. ಓಣ್ಯಾಗ ಹೇಳಿದ ರೇಟೂ ಬ್ಯಾಡ. ಅಂಗಡ್ಯಾಂವನ ಕೈಯಾಗ ಎಣಿಸಿ ಇಟ್ರಲ್ಲ, ಅದು ಹೇಳ್ರಿ.

ನಕ್ಕುಬಿಟ್ರಲ್ಲ! ನನಗ ಗೊತ್ತದ. 800ಕ್ಕ ತಂದ ಸೀರಿ ಗಂಡನ ಮುಂದ 400 ಆಗ್ತದ, ನೆಗೆಣ್ಣಿ ಮುಂದ 1800 ಆಗ್ತದ. ಗಂಡನೂ ನೆಗೆಣ್ಣಿನೂ ಒಂದೇ ಪಡಸಾಲ್ಯಾಗ ಕುಂತಾಗ ಯಾರಾರ ಕೇಳಿದ್ರಂದ್ರ, ಒಳಗ ಕುಕ್ಕರ್ ಸೀಟಿ ಹೊಡೀತು ಅಂತ ಎದ್ದು ಓಡ್ತೀರಿ. (ಕುಕ್ಕರ್ ಇನ್ನಾ ತೊಳೆಯೋ ಭಾಂಡ್ಯಾದಾಗೇ ಇರ್ತದ, ಆ ಮಾತು ಬ್ಯಾರೆ.) ಗಂಡಸರು ಹಲ್ಲು ಕಿಸಿಯೋದು ಬ್ಯಾಡ. ನಿಮ್ಮ ಪಾಳಿ ಮುಂದ ಬರ್ತದ.

ಈಗ ಕಲಬುರಗ್ಯಾಗ ಸಸ್ತಾ ಅರಿವಿಗಿ ಏನರೆ ಬರಾ ಅದೇನ್ರಿ? ಕಪಡಾ ಬಜಾರ್ ಅದ, ಸೂಪರ್ ಮಾರ್ಕೆಟ್ ಅದ. ರಂಜಾನ್ ತಿಂಗಳದಾಗ ರಾತ್ರಿಯೆಲ್ಲಾ ಬಜಾರ್ ಎಚ್ಚರ ಇರ್ತದ. ಹೋಳಿ ಆಗಿ ಐದನೇ ದಿನಕ್ಕ ಶರಣಬಸವೇಶ್ವರರ ತೇರು. ತೇರಿಗಿ ಉತ್ತತ್ತಿ ಒಗದು ಮುಗದ ಕೈ ಬಿಚ್ಚೋದ್ರಾಗೇ ನೀವು ದುಪಟ್ಟಾ ಚೌಕಾಸಿ ಮಾಡ್ಲತ್ತಿರ್ತೀರಿ. ಬಂದೇ ನವಾಜರ ಉರುಸಿನ್ಯಾಗೂ ಅದೇ ಕಥಿ. (ದೇವರಿಗಿ ಅರ್ಧ ತಾಸು, ಅಂಗಡಿಗಿ ಎರಡೂವರಿ ತಾಸು. ಲೆಕ್ಕ ನಾ ಹೇಳಿದ್ದಲ್ಲ, ಸ್ಕೂಟರ್ ಹತ್ರ ಕಾಯ್ಕೋತ ನಿಂತವರು ಹೇಳಿದ್ದು.)

ಅಲ್ಲ, ಇದು ಅರಿವಿ ನೇದ ಊರೇ ಅಂತೀನಿ. ಎಂ.ಎಸ್.ಕೆ. ಮಿಲ್ ಅಂತ ಆಟೋದವನಿಗಿ ಹೇಳ್ತೀರಲ್ಲ, ಅದು ನಿಜಾಮರ ಕಾಲದ ಮಹಬೂಬ್ ಶಾಹಿ ಬಟ್ಟಿ ಗಿರಣಿ. ಗಿರಣಿ ಬಂದ್ ಬಿದ್ದು ಎಷ್ಟೋ ವರ್ಷ ಆತು, ಹೆಸರು ಮಾತ್ರ ವಿಳಾಸದಾಗ ಉಳದದ. 2023ರಾಗ ಪಿಎಂ ಮಿತ್ರ ಯೋಜನೆಯ ಏಳು ಜವಳಿ ಪಾರ್ಕಿನ್ಯಾಗ ಒಂದು ಕಲಬುರಗಿಗಿ ಅಂತ ಘೋಷಣಾ ಆತು. ಆವತ್ತು ನಮ್ಮ ಓಣಿ ಹೆಣ್ಮಕ್ಳು ಕೇಳಿದ್ದು ಒಂದೇ ಪ್ರಶ್ನಿ: "ಅಲ್ಲಿ ಸೇಲ್ ಹಾಕ್ತಾರೇನ್ರಿ?"

ಇನ್ನ ಕಮಲಾಪುರದವರ ಕಥಿ ಕೇಳ್ರಿ. ನನ್ನ ಅತ್ತಿ ಮನಿ ಅಲ್ಲೇ, ಬಸ್ಸಿನ್ಯಾಗ ಒಂದು ತಾಸಿನ ದಾರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಹೆಣ್ಮಕ್ಳಿಗಿ ಶೂನ್ಯ ಟಿಕೆಟ್. ಆ ಟಿಕೆಟ್ ಕೈಯಾಗ ಬಿದ್ದ ಕೂಡ್ಲೇ ನಿಮ್ಮ ತಲ್ಯಾಗ ಲೆಕ್ಕ ಶುರು. ಹೋಗೋ ರೊಕ್ಕ ಉಳೀತು, ಬರೋ ರೊಕ್ಕ ಉಳೀತು, ಅಂದ್ರ ಒಂದು ಜಂಪರ್ ಪೀಸ್ ಪುಕ್ಕಟ್!

ಪುಕ್ಕಟ್ ಪೀಸಿಗಿ ಮ್ಯಾಚಿಂಗ್ ಸೀರಿ ಬ್ಯಾಡೇನು? ಸೀರಿಗಿ ಫಾಲ್ ಬ್ಯಾಡೇನು? ಫಾಲ್ ಹಚ್ಚೋತನಕ ಖಾಲಿ ನಿಂದ್ರೋದು ಹೆಂಗ, ಎದುರಿನ ಅಂಗಡ್ಯಾಗ ಬಳಿ ನೋಡಬ್ಯಾಡೇನು? ಸಂಜಿ ಬಸ್ ಹತ್ತೋದ್ರಾಗ ನಿಮ್ಮ ಉಳಿತಾಯ ಎರಡು ಸಾವಿರ ದಾಟಿರ್ತದ. (ಇಂಥಾ ಉಳಿತಾಯ ಇನ್ನೊಂದು ನಾಕು ಆದ್ರ ಹೊಲ ಮಾರಬೇಕು.)

ಮ್ಯಾಲ ಆ ಬೋರ್ಡು: 500ಕ್ಕ ಮೂರು! ಖರೆ ಹೇಳ್ರಿ, ಮೂರರಾಗ ನಿಮಗ ಮನಸಿಗಿ ಬಂದಿದ್ದು ಎಷ್ಟು? ಒಂದು. ಉಳದ ಎರಡು ಬೀಗರ ಬೆನ್ನಿಗಿ ಬಂದ ಬೀಗರಂಗ, ಕರೀದೇನೇ ಬಂದು ಅಲಮಾರ್ಯಾಗ ಕುಂತಾವ. ಏಳಂಗಿಲ್ಲ, ಹೋಗಂಗಿಲ್ಲ. ಒಂದು 500 ಆತಲ್ಲ ಅಂದ್ರ ನಿಮಗ ಸಿಟ್ಟು ಬರ್ತದ.

ಆಷಾಢ ಸೇಲ್ ಅಂತೂ ಕೇಳೋದೇ ಬ್ಯಾಡ. ಆಷಾಢದಾಗ ಮದಿವಿ ಇಲ್ಲ, ಗಿರಾಕಿ ಇಲ್ಲ. ಮುಂದ ಶ್ರಾವಣ, ಪಂಚಮಿ, ಹೊಸ ಮಾಲು ಬರ್ತದ, ಕಪಾಟು ಖಾಲಿ ಆಗಬೇಕು. ಅಂಗಡ್ಯಾಂವ ತನ್ನ ಕಪಾಟು ಖಾಲಿ ಮಾಡಿ ನಿಮ್ಮ ಕಪಾಟು ತುಂಬಸ್ತಾನ. ಆದ್ರ ಶಾಣ್ಯಾ ಗಿರಾಕಿಗಿ ಇದೇ ಹಂಗಾಮು. ಬಿಳಿ, ಕರಿ, ಬೂದಿ, ಸಾದಾ ಬಣ್ಣದವು ಆಗ ಎತ್ತಿ ಇಟ್ಕೋಬೇಕು. ಚಮಕ್ ಇದ್ದದ್ದು ಅಲ್ಲೇ ಬಿಟ್ಟು ಬರಬೇಕು. (ಬಿಟ್ಟು ಬರ್ತೀರಾ? ನಾ ಅಂತೂ ಬಂದಿಲ್ಲ.)

ಈಗ ಬರ್ರಿ ಖರೇ ಮಾತಿಗಿ. ಸಸ್ತಾ ಅರಿವಿ ಜೋಡಿ ತುಟ್ಟಿ ಅರಿವಿ ಕೂಡಿಸಿ ಸ್ಟೈಲ್ ಮಾಡೋದು ಮೊಬೈಲಿನ್ಯಾಗ ಯಾವುದೋ ಹುಡಿಗಿ ಕಲಿಸಿದ್ದು ಅಂತ ತಿಳಕೊಂಡೀರಲ್ಲ? ನಿಮ್ಮ ಅಜ್ಜಿ ಪತ್ತಲ ಒಮ್ಮೆ ಬಿಚ್ಚಿ ನೋಡ್ರಿ. ಸಾದಾ ಇಳಕಲ್ ಪತ್ತಲಂದ್ರ ಮೈಯೆಲ್ಲಾ ಹತ್ತಿ, ಸೆರಗು ರೇಷ್ಮಿ. ಸೆರಗಿನ ಹಾಸು ಬ್ಯಾರೆ ಮಾಡ್ಕೊಂಡು, ಮೈ ಹಾಸಿನ ಎಳಿಗಿ ಒಂದೊಂದೇ ಕೊಂಡಿ ಹಾಕಿ ಕೂಡಸ್ತಾರ. ಆ ಸೆರಗಿಗೇ ಟೋಪ ತೆನಿ ಸೆರಗು ಅಂತಾರ.

ತಿಳೀತಿಲ್ಲೋ ಹಕೀಕತ್ತು? ನಿರಿಗ್ಯಾಗ ಮಡಚಿ ಹೋಗೋ ಕಡಿ ಹತ್ತಿ, ಹೆಗಲ ಮ್ಯಾಲಿಂದ ಇಳದು ಮಂದಿ ಕಣ್ಣಿಗಿ ಬೀಳೋ ಕಡಿ ರೇಷ್ಮಿ. ರೊಕ್ಕ ಎಲ್ಲಿ ಕಾಣಸ್ಬೇಕು, ಎಲ್ಲಿ ಉಳಸ್ಬೇಕು ಅನ್ನೋದು ಮಗ್ಗದ ಮ್ಯಾಲೇ ಫೈಸಲ್ ಆಗಿತ್ತು. (ಅಜ್ಜಿ ಸಾಲಿಗಿ ಹೋಗಿದ್ದಿಲ್ಲ. ನೀವು ಎಂ.ಕಾಂ. ಓದಿ 500ಕ್ಕ ಮೂರು ತಂದ್ರಿ.)

ಮಶ್ರು ಅಂತ ಹಳೀ ಅರಿವಿ ಒಂದದ, ಕೇಳೀರೇನು? ಅದೂ ಇಂಥಾದೇ ಉಪಾಯ. ಮುಸ್ಲಿಂ ಗಂಡಸರು ಅಪ್ಪಟ ರೇಷ್ಮಿ ಮೈಗಿ ತಾಗಸಬಾರದು ಅಂತ ಕಟ್ಟಳಿ. ಅದಕ್ಕ ಒಳಮೈಗಿ ಹತ್ತಿ, ಹೊರಮೈಗಿ ರೇಷ್ಮಿ ಬರೋಹಂಗ ನೇದ್ರು. ಕಟ್ಟಳಿನೂ ಉಳೀತು, ಡೌಲೂ ಉಳೀತು. ದಖ್ಖನಿ ಮಂದಿಗಿ ಡೌಲು ಬಿಡು ಅಂದ್ರ ಹೆಂಗ ಬಿಟ್ಟಾರು?

ಕಮಲಾಪುರದ ಸುತ್ತಲಿನ ತಾಂಡಾದಾಗ ವಯಸ್ಸಾದ ಲಂಬಾಣಿ ಅಜ್ಜಿಗೋಳನ್ನ ನೋಡ್ರಿ. ಫೇಟಿಯಾ, ಕಾಂಚಳಿ ಮ್ಯಾಲ ಏನಿರ್ತದ? ತುಂಡು ಅರಿವಿ, ಕನ್ನಡಿ ಚೂರು, ಕವಡಿ, ಹಳೀ ನಾಣ್ಯ. ಬಿಡಿಬಿಡಿ ನೋಡಿದ್ರ ಎಲ್ಲಾ ಚಿಲ್ಲರಿ ಸಾಮಾನು. ಕೂಡಿಸಿ ಹೊಲದ್ರ? 2023ರ ಜುಲೈದಾಗ ಹಂಪ್ಯಾಗ ಜಿ-20 ಸಭಾ ಕೂಡಿದಾಗ ಲಂಬಾಣಿ ಕಸೂತಿಯ 1755 ಸಾಮಾನು ಒಂದೇ ಕಡಿ ಇಟ್ಟು ಗಿನ್ನೆಸ್ ದಾಖಲಿ ಮಾಡಿದ್ರು. ಪರದೇಶದವರು ಬಾಯಿ ತೆರಕೊಂಡು ನೋಡಿದ್ರು. ನಾವು ಅದೇ ಅಜ್ಜಿ ಬಸ್ಸಿನ್ಯಾಗ ಬಾಜೂಕ ಕುಂತಾಗ ಮೊಬೈಲ್ ನೋಡ್ತೀವಿ.

ಹಂಗಂದ ಕೂಡ್ಲೇ ಎದ್ದು, ಮನ್ಯಾಗಿದ್ದದ್ದೆಲ್ಲಾ ಒಮ್ಮೆಲೇ ಮೈಮ್ಯಾಲ ಹೇರ್ಕೋಬ್ಯಾಡ್ರಿ. ಅದಕ್ಕೊಂದು ಕಮಲಾಪುರದ ಸೂತ್ರ ಅದ. ಅಲ್ಲಿ ಕೆಂಪು ಬಾಳಿಹಣ್ಣು ಗೊತ್ತದಲ್ಲ? ಜಿಐ ಮಾನ್ಯತಾ ಸಿಕ್ಕ ಹಣ್ಣು, ಭಾಳ ತುಟ್ಟಿ. ಬುಟ್ಟಿಗಟ್ಲೆ ಯಾರೂ ಒಯ್ಯಂಗಿಲ್ಲ. ಹಳದಿ ಹಣ್ಣಿನ ತಾಟಿನ್ಯಾಗ ನಡುವ ಎರಡು ಕೆಂಪು ಇಟ್ರಂದ್ರ ಬೀಗರು ಕಣ್ಣಗಲ ಮಾಡಿ, "ಏನ್ ದೊಡ್ಡ ಮನಿತನ!" ಅಂತಾರ. (ಹಳದಿ ಹಣ್ಣು ಗಾಡಿ ಮ್ಯಾಲಿನ ಉಳಿಕಿ ಮಾಲು ಅಂತ ಯಾರು ಕೇಳ್ತಾರ?)

ಮೈಮ್ಯಾಲೂ ಅಷ್ಟೇ ನೋಡ್ರಿ. ಕೆಂಪು ಬಾಳಿಹಣ್ಣು ಒಂದೇ ಇರಲಿ. 350ರ ಸಾದಾ ಕಾಟನ್ ಸೀರಿ, ಅದರ ಮ್ಯಾಲ ಗುಳೇದಗುಡ್ಡ ಖಣದ ಜಂಪರ್. 200ರ ಬಿಳಿ ಕುರ್ತಾ, ಹೆಗಲಿಗಿ ಲಂಬಾಣಿ ಕಸೂತಿಯ ಚೀಲ. ಅವ್ವನ ಹರದ ಇಳಕಲ್ ಸೆರಗು ಕತ್ತರಿಸಿ ದುಪಟ್ಟಾ, ಕೆಳಗ ಸಾದಾ ಕರೇ ಡ್ರೆಸ್. ಖಣದ ಜಂಪರ್, ಇಳಕಲ್ ಸೀರಿ, ಲಂಬಾಣಿ ಚೀಲ, ಟೆಂಪಲ್ ಜ್ಯುವೆಲರಿ ಎಲ್ಲಾ ಒಬ್ಬಾಕಿನೇ ಹಾಕ್ಕೊಂಡು ಬಂದ್ರ ಮಂದಿ ಸ್ಟಾಲ್ ಎಲ್ಲಿ ಅಂತ ಕೇಳ್ತಾರ.

ಸಸ್ತಾ ಮಾಲು ಆರಿಸೋದೂ ಒಂದು ಕಲಾ. ನೀವು ಏನ್ ಮಾಡ್ತೀರಿ? ಮುಂಭಾಗ ನೋಡ್ತೀರಿ, ಕನ್ನಡ್ಯಾಗ ಎರಡು ಸಲ ತಿರಗ್ತೀರಿ, ಮುಗೀತು. ಮದ್ಲು ಒಳಗಿನ ಹೊಲಿಗಿ ಹೊರಗ ಮಾಡಿ ನೋಡ್ರಿ. ಒಳಗ ಎರಡು ಬೆರಳು ಅರಿವಿ ಬಿಟ್ಟಿದ್ರ ದೀಪಾವಳಿ ಕರ್ಚಿಕಾಯಿ ಆದಮ್ಯಾಲೂ ಬಿಚ್ಚಿ ದೊಡ್ಡದು ಮಾಡಬಹುದು. ದಸ್ತಿ ಹಸಿ ಮಾಡಿ ಮೂಲ್ಯಾಗ ತಿಕ್ರಿ. ದಸ್ತಿಗಿ ಬಣ್ಣ ಹತ್ತಿದ್ರ, ನಾಳಿ ಗಂಡನ ಬಿಳಿ ಅಂಗಿಗೂ ಹತ್ತತದ.

ಕಾಟನ್ ಅಂತ ಕೊಟ್ಟಾನ, ಖರೇನಾ ಸುಳ್ಳಾ? ಮನಿಗಿ ಬಂದು ಅಂಚಿನಿಂದ ಒಂದು ಎಳಿ ಜಗ್ಗಿ ಕಡ್ಡಿ ಕೊರೀರಿ. ಹತ್ತಿ ಆದ್ರ ಕಾಗದ ಸುಟ್ಟಂಗ ನಾತ, ಮೆತ್ತನ್ನ ಬೂದಿ. ಪಾಲಿಯೆಸ್ಟರ್ ಆದ್ರ ಕರಗಿ ಗಟ್ಟಿ ಗುಂಡು ಆಗ್ತದ. (ಎಳಿ ಅಂದೀನಿ, ಸೆರಗಲ್ಲ. ಮತ್ತ ನನ್ನ ಹೆಸರು ಹೇಳಬ್ಯಾಡ್ರಿ.)

ಯಾಕ ಇಷ್ಟು ಒದ್ದಾಟ ಅಂತೀರಿ? ನಮ್ಮ ಮೇ ತಿಂಗಳ ಮರತೀರೇನು? 42 ಡಿಗ್ರಿ ಬಿಸಲಾಗ ಪಾಲಿಯೆಸ್ಟರ್ ಸೀರಿ ಉಟ್ಟು ಅಕ್ಕಿಕಾಳಿಗಿ ಹೋದವರು ಮಂಟಪದಾಗ ಅರಿಶಿಣ ಹಚ್ಚದೇನೇ ಹಳದಿ ಆಗ್ಯಾರ. 100 ಗ್ರಾಂ ಹತ್ತಿ ಗಾಳ್ಯಾಗಿನ ತೇವ ಸುಮಾರು 8 ಗ್ರಾಂ ಹೀರ್ಕೋತದ. ಪಾಲಿಯೆಸ್ಟರ್ ಅರ್ಧ ಗ್ರಾಂನೂ ಮುಟ್ಟಂಗಿಲ್ಲ. ಬೆವರು ಎಲ್ಲಿ ಹೋಗಬೇಕು ಪಾಪ? ಹಂಗಂತ ಪಾಲಿಯೆಸ್ಟರ್ ಒಗೀಬ್ಯಾಡ್ರಿ, ಮೈಗಿ ಹತ್ತದ ಕಡಿ ಹಾಕ್ರಿ: ದುಪಟ್ಟಾ, ಮ್ಯಾಲಿನ ಜಾಕೀಟು, ಲೇಸು. ಮಶ್ರು ನೇದವರ ಉಪಾಯ ಇಲ್ಲಿಗೂ ಬಂತು ನೋಡ್ರಿ.

ಮತ್ತ ಟೇಲರ್ ಚಾಚಾನ್ನ ಮರೀಬ್ಯಾಡ್ರಿ. 300ರ ಕುರ್ತಾ 3000ದ್ದು ಕಾಣಸ್ಬೇಕಂದ್ರ ನಡುವಿಗಿ ಎರಡು ಹೊಲಿಗಿ, ತೋಳಿಗಿ ಅಳತಿ, ಪ್ಲಾಸ್ಟಿಕ್ ಗುಂಡಿ ಕಿತ್ತು ಕಟಗಿ ಗುಂಡಿ. ಮ್ಯಾಲ ಗಟ್ಟಿ ಇಸ್ತ್ರಿ. ಇಷ್ಟಾದ್ರ ರೇಟ್ ಕೇಳೋ ಧೈರ್ಯ ಯಾರಿಗೂ ಆಗಂಗಿಲ್ಲ. ಆದ್ರ ನೀವು ಚಾಚಾನ ಜೋಡಿ ಇಪ್ಪತ್ತು ರೂಪಾಯಿಗಿ ಅರ್ಧ ತಾಸು ಜಗಳಾಡ್ತೀರಿ, ಹೊರಗ ಬಂದು ಅರವತ್ತರ ಐಸ್‌ಕ್ರೀಮ್ ತಿಂತೀರಿ. (ಚಾಚಾ ನೋಡ್ತಿರ್ತಾನ್ರಿ. ಅದಕ್ಕೇ ನಿಮ್ಮ ಜಂಪರ್ ಹಬ್ಬ ಆದ ಮರುದಿನ ಸಿಗ್ತದ.)

ಗಂಡಸರೇ, ನಿಮ್ಮ ಪಾಳಿ ಬಂತು. "ನಮಗ ಅರಿವಿ ಹುಚ್ಚಿಲ್ಲ ಬಿಡ್ರಿ" ಅಂತೀರಲ್ಲ, ಅಲಮಾರಿ ತೆಗೀರಿ. ಬಿಳಿ ಅಂಗಿ ಹನ್ನೊಂದು! ಒಂದು ಮದಿವಿಗಿ, ಒಂದು ಮಣ್ಣಿಗಿ, ಒಂದು ಶಾಸಕರ ಮನಿ ಮುಂದ ನಿಂದ್ರಲಿಕ್ಕ. ಯಾವುದು ಯಾವುದಂತ ಕೇಳಿದ್ರ ಕಣ್ಣು ಮುಚ್ಚಿ ಮುಟ್ಟಿ ಹೇಳ್ತೀರಿ. 300ರ ಅಂಗಿ ತೊಟ್ಟು, ಕೈಯಾಗಿನ ಗಡಿಯಾರ ಕಾಣೋಹಂಗ ತೋಳು ಮಡಚಿ, ಟೈಮ್ ಎಷ್ಟಾತು ಅಂತ ಯಾರಾರ ಕೇಳ್ಯಾರೇನು ಅಂತ ಕಾಯೋರು ಯಾರು, ನಾನಾ?

ಕಾಲಾಗಿನ ಕೊಲ್ಹಾಪುರಿ ಚಪ್ಪಲಿ ಮಾತ್ರ ನಿಮ್ಮ ಕೆಂಪು ಬಾಳಿಹಣ್ಣು ಅಂತ ಒಪ್ತೀನಿ. ಹೆಸರು ಕೊಲ್ಹಾಪುರದ್ದಾದ್ರೂ ಅಥಣಿ, ನಿಪ್ಪಾಣಿ ಕಡಿ ನಮ್ಮವರೂ ಮಾಡ್ತಾರ. ಜಿಐದಾಗ ಕರ್ನಾಟಕದ ನಾಕು ಜಿಲ್ಲಾ ಅವ. 2025ರ ಜೂನ್‌ದಾಗ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಶೋದಾಗ ಹಂಥಾದೇ ಚಪ್ಪಲಿ ನಡೆಸಿತು. ಗದ್ದಲ ಆದಮ್ಯಾಲ, ಇದರ ಮೂಲ ಭಾರತದ್ದು ಅಂತ ಒಪ್ಕೊಂಡಿತು. ಮಿಲಾನಿಗಿ ಹೋಗೋತನಕ ಅದೇ ಚಪ್ಪಲಿಗಿ ನಾವು "ಮುನ್ನೂರಕ್ಕ ಕೊಡು, ಇಲ್ಲಾ ಹೋಗ್ತೀವಿ" ಅಂತಿದ್ವಿ.

ಸರ್ಕಾರನೂ ಸಸ್ತಾ ಎಲ್ಲಿಗಿ ಮುಗೀತದ, ತುಟ್ಟಿ ಎಲ್ಲಿಂದ ಶುರು ಅಂತ ಗೆರಿ ಕೊರದು ಇಟ್ಟದ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿ ತನಕದ ರೆಡಿಮೇಡ್ ಅರಿವಿಗಿ ಜಿಎಸ್‌ಟಿ ನೂರಕ್ಕ 5, ಅದರ ಮ್ಯಾಲಾದ್ರ 18. (2499 ಅಂತ ಚೀಟಿ ಯಾಕ ಹಚ್ತಾರಂತ ಈಗ ತಿಳೀತಾ?)

ತುಟ್ಟೀದು ಅಂದಕೂಡ್ಲೇ ನಿಮ್ಮ ಇನ್ನೊಂದು ಚಟ ನೆನಪಾತು. 6000ದ ಸೀರಿ ಡಾಂಬರ್ ಗುಳಿಗಿ ಜೋಡಿ ಮಲಗಿಸಿ ಇಟ್ಟೀರಿ. ಯಾವಾಗ ಉಡ್ತೀರಿ? "ಯಾರದಾರ ಮದಿವಿ ಬರಲಿ." ಮದಿವಿ ಬಂದ್ರ? "ಇಂಥಾ ಬಿಸಲಾಗ ಯಾರು ಉಡ್ತಾರ?" ಎರಡು ಸಲ ಉಟ್ಟಿದ್ರ ಒಂದು ಸಲಕ್ಕ 3000 ಬಿತ್ತು. 300ರ ಕುರ್ತಾ ಅರವತ್ತು ಸಲ ಹಾಕಿದ್ರ ಒಂದು ಸಲಕ್ಕ ಐದೇ ರೂಪಾಯಿ. ಈಗ ಹೇಳ್ರಿ, ತುಟ್ಟಿ ಯಾವುದು? ಆ ಸೀರಿಯ ಜಂಪರ್ ಆದ್ರೂ ಹೊರಗ ತೆಗೀರಿ, 350ರ ಸೀರಿ ಮ್ಯಾಲ ಹಾಕ್ರಿ. ಗುಳಿಗಿ ನಾತ ಹೋಗೋತನಕ ಗಾಳಿಗಿ ಇಡ್ರಿ ಮತ್ತ.

ಇಷ್ಟೆಲ್ಲಾ ಶಾಣ್ಯಾತನ ನನಗ ಹೆಂಗ ಬಂತಂತ ಕೇಳ್ತೀರಿ. ಕೇಳ್ರಿ ಹಂಗಾರ, ಹೊರಗ ಹೇಳಬ್ಯಾಡ್ರಿ. ಹೋದ ವರ್ಷ ಆಹೇರಿ ಮಾಡ್ಲಿಕ್ಕಂತ ಒಂದು ಕಾಟನ್ ಸೀರಿ ತಂದಿದ್ದೆ. ನೇರಳಿ ಬಣ್ಣ, ಮೈತುಂಬ ಬಿಳಿ ಚುಕ್ಕಿ. ಒಂದು ಕಡಿ ಪ್ರಿಂಟ್ ತಪ್ಪಿ ಚುಕ್ಕಿ ಮ್ಯಾಲ ಚುಕ್ಕಿ ಬಿದ್ದಿತ್ತು, ಅದಕ್ಕೇ 350ಕ್ಕ ಸಿಕ್ತು. (ಆಹೇರಿ ಸೀರಿ ಯಾರು ಬಿಚ್ಚಿ ನೋಡ್ತಾರ್ರಿ? ಮನಿಯಿಂದ ಮನಿಗಿ ತಿರಗೋದೇ ಅದರ ಹಣೇಬರ.) ಕಮಲಾಪುರದಾಗ ನನ್ನ ನೆಗೆಣ್ಣಿ ಮನಿ ಶಾಂತಿ ಇತ್ತು. ಕುಂಕುಮ ಹಚ್ಚಿ, ಉಡಿ ತುಂಬಿ ಕೊಟ್ಟು ಬಂದೆ.

ಮೊನ್ನಿ ಅಲ್ಲೇ ಒಂದು ಮದಿವಿ. ನಾ 7000ದ ರೇಷ್ಮಿ ಉಟ್ಟು ಬೆವರು ಒರಸ್ಕೋತ ಕುಂತೀನಿ. ಎದುರಿನಿಂದ ಬಂದ್ಳು ನೋಡ್ರಿ ನೆಗೆಣ್ಣಿ! ನೇರಳಿ ಸೀರಿ, ಅದಕ್ಕ ಇಳಕಲ್ಲಿನ ಹಳೀ ಕೆಂಪು ದಡಿ ಹಚ್ಯಾಳ, ಮ್ಯಾಲ ಕರೇ ಖಣದ ಜಂಪರ್. ಗಟ್ಟಿ ಇಸ್ತ್ರಿ. ಮಂಟಪದಾಗಿನ ಹೆಣ್ಮಕ್ಳೆಲ್ಲಾ ಮದಿವಿ ಹುಡಿಗಿನ್ನ ಬಿಟ್ಟು ಇಕಿನ್ನೇ ನೋಡ್ಲತ್ತಾರ. ನಾ ಹತ್ರ ಹೋಗಿ ಸೆರಗು ಹಿಡದು ನೋಡಿದೆ. ಚುಕ್ಕಿ ಮ್ಯಾಲ ಚುಕ್ಕಿ.

"ಎಲ್ಲಿ ತಂದೆವ್ವಾ?" ಅಂದೆ. "ಹೈದರಾಬಾದ್‌ದಾಗ ಅಕ್ಕಾ," ಅಂದ್ಳು. "ಎಷ್ಟು?" "ಎರಡೂವರಿ ಸಾವಿರ. ನೀವಂತ ಖರೆ ಹೇಳ್ಲತ್ತೀನಿ." ಕಣ್ಣು ಪಿಳುಕಿಸಲಿಲ್ಲ. ಸಿಟ್ಟು ಬಂತೇನು ಅಂತ ಕೇಳಿದ್ರಿ? ಯಾಕ ಬರ್ಬೇಕು? ನನ್ನ 350 ರೂಪಾಯಿ ಒಂದೇ ವರ್ಷದಾಗ ಎರಡೂವರಿ ಸಾವಿರ ಆತು. ಯಾವ ಬ್ಯಾಂಕು ಇಷ್ಟು ಬಡ್ಡಿ ಕೊಡ್ತದ?

ಅಲ್ಲಿಗಿ ಮುಗದಿದ್ರ ಚಲೋ ಇತ್ತು. ಆಕಿ ನನ್ನ ರೇಷ್ಮಿ ಮ್ಯಾಲ ಕೈ ಆಡಿಸಿ, ದೊಡ್ಡ ದನೀಲೆ ಕೇಳಿದ್ಳು: "ನಿಮ್ಮದೆಷ್ಟು ಅಕ್ಕಾ? ಫೋನಿನ್ಯಾಗ ಹೇಳಿದ್ರಲ್ಲ, ಮರತೇ ಹೋತು." ಫೋನಿನ್ಯಾಗ ಆಕಿಗಿ 9000 ಅಂದೀನಿ. ಮನ್ಯಾಗ 3000 ಅಂದೀನಿ. ಹಿಂದ ತಿರುಗಿ ನೋಡ್ತೀನಿ, ನಮ್ಮವರು ತಾಂಬೂಲದ ಚೀಲ ಹಿಡ್ಕೊಂಡು, ಕಿವಿ ಅಗಲ ಮಾಡಿ ನಿಂತಾರ.

ಈಗ ನೀವೇ ಹೇಳ್ರಿ, ಮದಿವಿ ಮಂಟಪದಾಗ ಕುಕ್ಕರ್ ಸೀಟಿ ಎಲ್ಲಿಂದ ತರಲಿ?